ಗೂಟದಲ್ಲಿ ಉಳಿದ ಹಗ್ಗ

ಸಗಣಿ ಮೆತ್ತಿದ ಹಳೆ ಹಗ್ಗದ ವಾಸನೆ ಮೂಗಿಗೆ ಬಡಿದರೆ ಈಗಲೂ ಕಟ್ಟಾಯದ ನಮ್ಮ ಕೊಟ್ಟಿಗೆ ನೆನಪಾಗುತ್ತದೆ.

ನಮ್ಮಲ್ಲಿ ದನ ಮಾರಿದರೆ ಹಗ್ಗ ಕೊಡುತ್ತಿರಲಿಲ್ಲ. ಕೊಂಡವರು ತಮ್ಮ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕಿತ್ತು. ಹಳೆಯದು ಗೋಡೆಯ ಗೂಟದಲ್ಲೇ ಉಳಿದರೆ ಹೋದದ್ದು ಮತ್ತೆ ಮನೆಗೆ ಬರುತ್ತದೆ ಎಂದು ಅಜ್ಜಿ ನಂಬಿದ್ದಳು.

ಒಂದು ಮಧ್ಯಾಹ್ನ, ಗಂಡನ ಮನೆಯಿಂದ ಓಡಿಬಂದಿದ್ದ ಅಕ್ಕನನ್ನು ಅಪ್ಪ ವಾಪಸ್ ಗಾಡಿ ಹತ್ತಿಸಿದ. ಅವಳ ತೋಳಿನ ಬಾಸುಂಡೆ ನೋಡಿಯೂ ಅವಳ ಬಟ್ಟೆಯ ಗಂಟನ್ನು ಗಾಡಿಯಲ್ಲಿಟ್ಟ. ಅಜ್ಜಿ ಆ ಗಂಟು ಬಿಚ್ಚಿ ಅವಳ ಹಳೆ ಸೀರೆಯೊಂದನ್ನು ತೆಗೆದುಕೊಂಡಳು.

"ಅದ್ಯಾಕವ್ವ ಇಟ್ಕಂಡೆ?" ಅಂದ ಅಪ್ಪ.

"ಹಗ್ಗ ಮನೇಲಿರ್ಲಿ ಕಣ್ಲಾ."

ಸೀರೆಯನ್ನು ಕೊಟ್ಟಿಗೆಗೆ ಒಯ್ದು ಹಗ್ಗಗಳ ಪಕ್ಕಕ್ಕೆ ನೇತುಹಾಕಿದಳು. ಗಾಡಿಯ ಸದ್ದು ಅಡಗುವವರೆಗೂ ನಾನು ಆ ಗೋಡೆಯನ್ನೇ ನೋಡುತ್ತ ನಿಂತಿದ್ದೆ. ಗೂಟದ ತುಂಬ ಹಗ್ಗಗಳಿದ್ದವು. ಮಾರಿದ ಒಂದು ದನವೂ ತಿರುಗಿ ಬಂದಿರಲಿಲ್ಲ.