ಅಳಿಯನ ಮೋಟಾರು

ಮಾವನ ಮನೆ ಮುಂದೆ ಮೋಟಾರಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ, ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ಅಳಿಯ ಗಫೂರನ ಷೇರ್ವಾನಿ ಬೆವರಲ್ಲಿ ತೊಯ್ದಿತ್ತು. ಮೋಟಾರು ಮಾತ್ರ ಒಮ್ಮೆ ಕೆಮ್ಮಲೂ ಇಲ್ಲ. ಅಂತರಸಂತೆಯಲ್ಲಿ ಮರದ ವ್ಯಾಪಾರ ಮಾಡುವ ಅವನಿಗೆ ಮೋಟಾರು ಓಡಿಸಲು ಬರುತ್ತಿತ್ತು, ನಿಂತರೆ ಬಯ್ಯಲು ಬರುತ್ತಿತ್ತು. ಅದರಾಚೆಗಿನ ವಿದ್ಯೆಯನ್ನು ಅವನು ಹೆಗ್ಗಡದೇವನಕೋಟೆಯಲ್ಲಿ ಮೋಟಾರು ರಿಪೇರಿ ಮಾಡುವ ಮಾವ ಪೀರ್ ಸಾಬರಿಗೆ ಬಿಟ್ಟಿದ್ದ.

"ಬೇಗ ನೋಡಿ ಮಾವ. ಕತ್ತಲಾದ್ರೆ ದಾರೀಲಿ ಆನೆ ನಿಂತಿರ್ತವೆ. ಎಲ್ಲಿ ನಿಮ್ ಮಗಳು, ಇನ್ನೂ ಗಂಟು ಕಟ್ತಾ ಅವಳಾ?"

ಪೀರ್ ಸಾಬರು ಪೆಟ್ರೋಲು ನೋಡಿದರು, ಇತ್ತು. ತಂತಿಗಳನ್ನು ಎಳೆದು ನೋಡಿದರು, ಬಿಗಿಯಾಗಿದ್ದವು. ಕೊನೆಗೆ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದರೆ, ಒಳಗೆ ತಿರುಗಬೇಕಾದ ಪುಟ್ಟ ತುಂಡೇ ಇಲ್ಲ. ಅದು ತಾನಾಗಿ ಬೀಳುವಂಥದ್ದಲ್ಲ. ಯಾರೋ ಅದನ್ನು ತೆಗೆದು, ಮುಚ್ಚಳವನ್ನು ಮತ್ತೆ ಹಾಕಿ, ಕ್ಲಿಪ್ಪು ಒತ್ತಿದ್ದರು. ಈ ಮನೆಯಲ್ಲಿ ಆ ಕೆಲಸ ಬಲ್ಲವರು ಇಬ್ಬರೇ. ಒಬ್ಬರು ಅವರೇ, ಇನ್ನೊಬ್ಬಳು ಚಿಕ್ಕಂದಿನಲ್ಲಿ ಅವರ ಪಕ್ಕ ಲಾಟೀನು ಹಿಡಿದು ನಿಲ್ಲುತ್ತಿದ್ದ ಮಗಳು.

ಮಗಳು ಜೈನಾಬಿ ಚಹಾ ತಂದಳು. ಲೋಟ ಹಿಡಿದ ಬೆರಳುಗಳಲ್ಲಿ ಮದರಂಗಿಯ ಮೇಲೆ ಎಣ್ಣೆಮಸಿ ಅಂಟಿತ್ತು. ನಿನ್ನೆ ಅವಳು ತೋಳಿನ ಮೇಲೆ ಗಂಡ ಹೊಡೆದ ಬಾಸುಂಡೆ ತೋರಿಸಿದಾಗ ಪೀರ್ ಸಾಬರು, "ಹೊಂದ್ಕೊಂಡು ಹೋಗ್ಬೇಕು ಕಣಮ್ಮ" ಎಂದು ಮುಖ ತಿರುಗಿಸಿದ್ದರು.

"ಏನಾಗಿದೆ ಮಾವ, ಹೇಳಬಾರದಾ?" ಗಫೂರ ಚಡಪಡಿಸಿದ.

ಪೀರ್ ಸಾಬರು ಹೆಗಲ ಮೇಲಿನ ಬಟ್ಟೆಯನ್ನು ಮಗಳಿಗೆ ಕೊಟ್ಟು, "ಬೆರಳು ಒರೆಸ್ಕೊ" ಎಂದು ಮೆಲ್ಲಗೆ ಹೇಳಿದರು. ಬಾನೆಟ್ಟು ಮುಚ್ಚಿ ಅಳಿಯನ ಕಡೆ ತಿರುಗಿದರು.

"ಹ್ಯಾಂಡ್‌ಪೋಸ್ಟ್ ಕೂಡುರಸ್ತೆಗೆ ನಡೆದ್ರೆ ನಿಮ್ಮೂರಿನ ಬಸ್ಸು ಸಿಕ್ತದೆ, ನೀವು ಹೊರಡಿ. ಮೋಟಾರೂ ಮಗಳೂ ಇಲ್ಲೇ ಇರ್ಲಿ."