ಪೂಜೆಗೆ ಮುಂಚಿನ ನೀರು

ಶೇರ್ ಆಟೋ ಸರಿಯಾಗಿ ನಿಲ್ಲುವ ಮೊದಲೇ ಬೊಮ್ಮಕ್ಕ ಇಳಿದು ಹೊಳೆಯ ಕಡೆ ಓಡಿದಳು. ನಾಲ್ಕು ವರ್ಷ ಬರೀ ಮರಳಾಗಿ ಬಿದ್ದಿದ್ದ ಹಗರಿ ಹೊಳೆಗೆ ನೀರು ಬಂತೆಂದು ಆಟೋದಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಅವಳಿಗೆ ಮಾತ್ರ ಖುಷಿಯಾಗಿರಲಿಲ್ಲ. ಹೊಳೆಯ ನಡುಗಡ್ಡೆಯಲ್ಲಿ, ಮುಳ್ಳುಬೇಲಿಯ ರೊಪ್ಪದೊಳಗೆ ಅವಳ ಹದಿನಾರು ಕುರಿಗಳಿದ್ದವು, ಈದು ವಾರವೂ ಆಗದ ಐದು ಮರಿಗಳಿದ್ದವು. ಮರಳು ಮೆತ್ತಗಿರುತ್ತದೆ, ಬೆಚ್ಚಗಿರುತ್ತದೆ ಎಂದು ಈ ಸೀಮೆಯ ಕುರಿಯವರೆಲ್ಲ ಈಯುವ ಕುರಿಗಳನ್ನು ಹೊಳೆಯೊಳಗೇ ಕೂಡಿಹಾಕುತ್ತಾರೆ, ಅವಳೂ ಹಾಕಿದ್ದಳು. ಇದು ಹೊಳೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಅಗಲಕ್ಕೆ ಹರಡುತ್ತಿತ್ತು. ಇನ್ನೂ ಮೊಣಕಾಲಿನ ಮಟ್ಟವೂ ಇರಲಿಲ್ಲ, ಆದರೂ ಯಾರೂ ಕಾಲಿಟ್ಟಿರಲಿಲ್ಲ. ಹೊಸ ನೀರಿಗೆ ಪೂಜೆಯಾಗಿ ಬಾಗಿನ ಬಿಡುವವರೆಗೆ ಯಾರೂ ಇಳಿಯುವಂತಿಲ್ಲ. ಇಳಿದರೆ ಗಂಗಮ್ಮ ಮುನಿಸಿಕೊಂಡು ಬಂದ ದಾರಿಯಲ್ಲೇ ಹೊರಟುಬಿಡುತ್ತಾಳಂತೆ. ಈ ಸಲ ಬಾಗಿನ ಬಿಡಲು ದೊಡ್ಡ ಮುಖಂಡರೊಬ್ಬರು ಬರುತ್ತೇನೆಂದಿದ್ದರು. ಒಂದು ಗಂಟೆಯಿಂದ ಬರುತ್ತಲೇ ಇದ್ದರು.

ಊರ ಹಿರಿಯ ಗೋಪಣ್ಣ ಕೋಲು ಅಡ್ಡ ಹಿಡಿದು ಬೊಮ್ಮಕ್ಕನನ್ನು ತಡೆದ. ಮುಖಂಡರ ಕಾರು ಗುಮ್ಮಘಟ್ಟ ದಾಟಿದೆ, ಹತ್ತು ನಿಮಿಷ ತಡೆದುಕೋ ಎಂದ. ಮೇಲೆ ಡ್ಯಾಮಿನ ಗೇಟು ಎತ್ತಿದ್ದಾರೆ, ಹತ್ತು ನಿಮಿಷಕ್ಕೆ ನಡುಗಡ್ಡೆಯೇ ಇರುವುದಿಲ್ಲ ಎಂದು ಅವಳು ಕೈಮುಗಿದಳು. ಗೋಪಣ್ಣ ಕೋಲು ಇಳಿಸಲಿಲ್ಲ.

"ನಿನ್ನ ಒಬ್ಬಾಕಿ ಸಲುವಾಗಿ ಊರು ಕೆಡಬೇಕೇನು, ಬೊಮ್ಮಕ್ಕ?"

"ಗಂಗಮ್ಮನೂ ಹೆಣ್ಣೇ ಅಲ್ಲೇನ್ರಿ ಗೋಪಣ್ಣ? ಬಾಣಂತಿ ಕುರಿ ಮುಳುಗೋದು ನೋಡ್ಕಂತ ನಾ ಇಲ್ಲಿ ನಿಂತ್ರ, ಆಗ ಮುನಿಸ್ಕಂತಾಳ."

ಸೊಂಟದ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು ನೀರಿಗೆ ಹಾಕಿ, ತಾಯಿ, ದಾರಿ ಬಿಡು ಎಂದಳು. ಸೀರೆ ಎತ್ತಿ ಕಟ್ಟಿ, ಕೋಲಿನ ಕೆಳಗೆ ತಲೆ ತಗ್ಗಿಸಿ ನುಸುಳಿ ಇಳಿದೇಬಿಟ್ಟಳು. ಹಿಂದಿನಿಂದ ಯಾರೋ ಹಿಡಿಶಾಪ ಹಾಕಿದರು. ಅವಳು ತಿರುಗಿ ನೋಡಲಿಲ್ಲ.

ಗಡ್ಡೆ ಹತ್ತಿ, ರೊಪ್ಪದ ಮುಳ್ಳು ಎಳೆದು ಹಾಕಿ ಎಷ್ಟು ಹೊಡೆದರೂ ಕುರಿಗಳು ನೀರಿಗೆ ಇಳಿಯಲೊಲ್ಲವು. ಬೊಮ್ಮಕ್ಕ ಹೊಡೆಯುವುದನ್ನು ಬಿಟ್ಟಳು. ಎರಡು ಮರಿಗಳನ್ನು ಮಡಿಲಿಗೆ ಕಟ್ಟಿ, ಎರಡನ್ನು ಕಂಕುಳಲ್ಲಿ ಅವುಚಿಕೊಂಡು ತಾನೇ ಮುಂದೆ ನಡೆದಳು. ಮರಿಗಳು ಒದರಿದವು. ತಾಯಿಗಳು ತಡೆಯಲಾರದೆ ನೀರಿಗೆ ಬಿದ್ದವು. ಅವುಗಳ ಹಿಂದೆ ಉಳಿದವೂ ಸಾಲುಗಟ್ಟಿದವು. ದಂಡೆ ಮುಟ್ಟುವ ಹೊತ್ತಿಗೆ ನೀರು ಅವಳ ಸೊಂಟ ಹಿಡಿದಿತ್ತು, ಕುರಿಗಳು ಮೂತಿಯಷ್ಟನ್ನೇ ಮೇಲೆತ್ತಿ ಈಜುತ್ತಿದ್ದವು. ಹದಿನಾರೂ ದಂಡೆ ಹತ್ತಿದವು. ಐದನೆಯ ಮರಿ ಗಡ್ಡೆಯ ಮೇಲೇ ಉಳಿದಿತ್ತು; ಅದರ ಸಣ್ಣ ದನಿ ಇಲ್ಲಿಯವರೆಗೂ ಕೇಳುತ್ತಿತ್ತು.

ಬೊಮ್ಮಕ್ಕ ನಾಲ್ಕೂ ಮರಿಗಳನ್ನು ದಂಡೆಯ ಮೇಲೆ ಇಳಿಸಿದಳು. ಅದೂ ಜೀವವೇ ಅಲ್ಲವೇ ಎಂದುಕೊಂಡು ಅವಳು ಮತ್ತೆ ನೀರಿನ ಕಡೆ ತಿರುಗಿದಳು. ಗೋಪಣ್ಣ ಅವಳ ರಟ್ಟೆ ಹಿಡಿದು ದಂಡೆಗೆ ಕೂರಿಸಿದ. ಮತ್ತೆ ತಡೆಯುತ್ತಾನೆಂದು ಅವಳಿಗೆ ಮೈಯೆಲ್ಲ ಉರಿಯಿತು. ಆತ ಕೋಲು ಬಿಸಾಕಿ, ಪಂಚೆ ಎತ್ತಿ ಕಟ್ಟಿ, ಯಾರ ಮುಖವನ್ನೂ ನೋಡದೆ ನೀರಿಗಿಳಿದ.

ಎದೆಮಟ್ಟದ ನೀರಿನಿಂದ ಆತ ಮರಿ ಹೊತ್ತು ಹತ್ತಿ ಬಂದದ್ದೂ, ರಸ್ತೆಯ ಮೇಲೆ ಕಾರುಗಳ ಹಾರನ್ ಕೇಳಿದ್ದೂ ಒಂದೇ ಆಯಿತು. ಮುಖಂಡರು ಬಾಗಿನದ ಮೊರ, ಹಸಿರು ಸೀರೆ, ಕ್ಯಾಮೆರಾದವರ ಸಮೇತ ಇಳಿದು ಬಂದರು. ದಂಡೆಯ ತುಂಬ ಕುರಿಗಳು ಮೈ ಕೊಡವುತ್ತಿದ್ದವು. ಅವರು ಕುರಿಗಳನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡಿದರು.

"ಪೂಜೆಗಿಂತ ಮುಂಚೆ ಯಾರೂ ನೀರಿಗೆ ಇಳಿದಿಲ್ಲ ತಾನೇ?"

ಊರೆಲ್ಲ ಗೋಪಣ್ಣನ ಮುಖ ನೋಡಿತು. ಬೊಮ್ಮಕ್ಕನೂ ನೋಡಿದಳು. ಮೈಯಿಂದ ನೀರು ತೊಟತೊಟ ಸುರಿಸುತ್ತ, ಎದೆಗವುಚಿದ ಮರಿಯ ಕಿವಿ ಒರೆಸುತ್ತ ಗೋಪಣ್ಣ ಹೇಳಿದ:

"ಯಾರೂ ಇಳಿದಿಲ್ರಿ. ನಿಮ್ಮನ್ನೇ ಕಾಯಾಕತ್ತೀವಿ."