ಬಾವನ ಜೀವಂತ ಪ್ರಮಾಣಪತ್ರ

ಕಾನೂನು ಬೆಟ್ಟಗಳಿಗೆ ಮನುಷ್ಯರ ಹಕ್ಕು ಕೊಟ್ಟಾಗ ಮನುಷ್ಯರ ಪಾಡನ್ನೂ ಕೊಟ್ಟಿತ್ತು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರ ಹಾಗೆ ಅವೂ ತಾವು ಬದುಕಿರುವುದನ್ನು ತೋರಿಸಬೇಕು. ತೋರಿಸದಿದ್ದರೆ ಮೃತ, ಮೃತ ಬೆಟ್ಟದ ಕಲ್ಲೆಲ್ಲ ಕ್ವಾರಿಗೆ.

ತಪಾಸಣೆಯ ದಿನ ಕೆಂಚಬೆಟ್ಟದ ಬುಡಕ್ಕೆ ಅದರ ಪರವಾಗಿ ಸೋಲಿಗರ ಕೇತಮ್ಮ ಬಂದಿದ್ದಳು. ಸರ್ಕಾರಿ ಗುಮಾಸ್ತ ಚಿಕ್ಕಬಸವಯ್ಯ ಕೊಡೆ ಮಡಚಿ, ಥೇಟ್ ಕೋರ್ಟಿನ ಜವಾನನ ದನಿಯಲ್ಲಿ ಕೂಗಿದ: "ಕೆಂಚಬೆಟ್ಟ ಹಾಜರಿದ್ದಾರಾ?"

"ಹಾಜರಿದ್ದಾರಾ?" ಎಂದಿತು ಬೆಟ್ಟ, ಅದೇ ರಾಗದಲ್ಲಿ.

"ಇದು ಬರೀ ಮಿಮಿಕ್ರಿ ಸ್ವಾಮಿ," ಎಂದ ಕ್ವಾರಿಯ ವಕೀಲ. "ಖಾಲಿ ಕೊಡಪಾನದೊಳಗೆ ಕೂಗಿದರೂ ಇಷ್ಟು ಮಾತಾಡುತ್ತೆ. ಸ್ವಂತ ಬುದ್ಧಿಯಿಂದ ಏನಾದರೂ ಮಾಡಲಿ, ಒಪ್ಪುತ್ತೇನೆ."

ಚಿಕ್ಕಬಸವಯ್ಯನ ಪೆನ್ನು 'ಮೃತ' ಎಂಬ ಚೌಕದತ್ತ ಹೊರಟಿತು.

ಕೇತಮ್ಮನಿಗೆ ರೇಗಿತು. ಅವಳ ಕುಲದ ಹೆಣ್ಣನ್ನು ಮದುವೆಯಾದ ಬೆಟ್ಟ ಅದು, ವಾವೆಯಲ್ಲಿ ಬಾವ. ಬಾವನನ್ನು ಬೈಯುವುದು ಅವರಲ್ಲಿ ಪೂಜೆಯ ಒಂದು ಭಾಗ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏನ್ ಬಾವ, ನಮ್ ಹೆಣ್ಣ ಕಟ್ಕೊಂಡಾಗ ಇದ್ದ ಬಾಯಿ ಈಗೆಲ್ಲೋಯ್ತು? ಕೂತಲ್ಲೇ ಕೂತು ಬೊಜ್ಜು ಬಂದದೆ ನಿಂಗೆ, ಸೋಂಬೇರಿ!"

ಮೂವರೂ ಕಿವಿಗೊಟ್ಟರು. ಬೆಟ್ಟ ಪಿಟ್ಟೆನ್ನಲಿಲ್ಲ. ಚಿಕ್ಕಬಸವಯ್ಯ ಅನುಮಾನದಿಂದ ತಾನೇ ಒಮ್ಮೆ "ಓಯ್" ಎಂದ. "ಓಯ್" ಎಂದು ತಕ್ಷಣ ಉತ್ತರ ಬಂತು. ಕೇತಮ್ಮ ಮೆಲ್ಲಗೆ "ಬಾವಾ" ಎಂದಳು, ಆಮೇಲೆ ಜೋರಾಗಿಯೂ ಎಂದಳು. ಊಹೂಂ.

"ಮುನಿಸ್ಕೊಂಡವ್ನೆ ಬುದ್ಧಿ," ಎಂದಳು. "ಬೊಜ್ಜು ಅಂದ್ರೆ ಆಗಾಕಿಲ್ಲ ಅವನ್ಗೆ."

ಒಪ್ಪುತ್ತೇನೆ ಅಂದಿದ್ದ ವಕೀಲ ತನ್ನ ಫೈಲು ಕಟ್ಟಿಕೊಂಡ. ಚಿಕ್ಕಬಸವಯ್ಯ 'ಜೀವಂತ' ಎಂಬಲ್ಲಿ ಗುರುತು ಹಾಕಿ, ಕೆಳಗೆ ಷರಾ ಬರೆದ: "ಸದರಿ ಬೆಟ್ಟದವರು ನಾದಿನಿಯೊಂದಿಗೆ ಮಾತು ಬಿಟ್ಟಿರುತ್ತಾರೆ."